ಆನ್‌ಲೈನ್ ಅಂಗಡಿಯಲ್ಲಿ ಗ್ರಾಹಕರ ಆಯ್ಕೆಗಳನ್ನು ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೀ ಶರ್ಟ್‌ಗೆ ಮೂರು ಸೈಜ್, ನಾಲ್ಕು ಬಣ್ಣ ಇಟ್ಟು ಮಾರುವುದು ಸುಲಭ. ಅದೇ ಶರ್ಟ್ ಮೇಲೆ ನನ್ನ ಹೆಸರು ಬೇಕು, ನನ್ನದೇ ಫೋಟೊ ಬೇಕು, ಗಿಫ್ಟ್ ಪ್ಯಾಕ್ ಮಾಡಿ ಕಳಿಸಿ ಅಂತ ಗ್ರಾಹಕರು ಕೇಳಿದಾಗ ತೊಡಕು ಶುರುವಾಗುತ್ತದೆ. ಸಣ್ಣ ಅಂಗಡಿಗಳಿಗೆ ಇಂಥ ಆಯ್ಕೆಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಪ್ರತಿ ಸಲವೂ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ವೇರಿಯಂಟ್, ಆಪ್ಷನ್, ಆಡ್-ಆನ್ ಎಲ್ಲ ಒಂದೇ ಅಲ್ವಾ?

ಅಲ್ಲ. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಾನು ಅಂಗಡಿಯವರನ್ನು ಕೇಳುವುದು ಒಂದೇ ಮಾತು: ಈ ಆಯ್ಕೆಯನ್ನು ಕಪಾಟಿನಲ್ಲಿ ಎಣಿಸಬಹುದೇ?

ಕೆಂಪು ಬಣ್ಣದ, ಮಧ್ಯಮ ಸೈಜಿನ ಶರ್ಟ್ 7 ಇದೆ ಅಂತ ಎಣಿಸಿ ಹೇಳಬಹುದು. ಹಾಗಾದರೆ ಅದು ವೇರಿಯಂಟ್. ಸೈಜ್, ಬಣ್ಣ ಅನ್ನುವ ಒಂದೊಂದು ಬಗೆ ಆಪ್ಷನ್, ಅವು ಕೂಡಿ ಆಗುವುದು ವೇರಿಯಂಟ್. ಅದಕ್ಕೆ ತನ್ನದೇ ಸ್ಟಾಕ್, ತನ್ನದೇ ಎಸ್‌ಕೆಯು (ಸ್ಟಾಕ್ ಗುರುತಿಸುವ) ಕೋಡ್ ಇರಬೇಕು. ಬೇಕಿದ್ದರೆ ಬೆಲೆ, ತೂಕ, ಫೋಟೊ ಕೂಡ ಬೇರೆ ಇರಬಹುದು. ಗಿಫ್ಟ್ ಪ್ಯಾಕ್ ಮಾಡುವುದನ್ನು ಹಾಗೆ ಎಣಿಸಲು ಆಗುವುದಿಲ್ಲ. ಅದು ಆರ್ಡರ್ ಬಂದ ಮೇಲೆ ನೀವು ಮಾಡುವ ಕೆಲಸ. ಅದು ಆಡ್-ಆನ್. ಇನ್ನು ಕೆತ್ತಬೇಕಾದ ಹೆಸರು, ಪ್ರಿಂಟ್ ಮಾಡಬೇಕಾದ ಫೋಟೊ, ತಲುಪಿಸಬೇಕಾದ ದಿನ. ಇವು ಗ್ರಾಹಕರೇ ತುಂಬಿ ಕೊಡುವ ಮಾಹಿತಿ. ಇವಕ್ಕೆ ಖಾಲಿ ಜಾಗ ಬೇಕೇ ಹೊರತು ಪಟ್ಟಿ ಬೇಡ.

ಬೆರೆಸಿದರೆ ಏನಾಗುತ್ತದೆ ನೋಡಿ. ಗಿಫ್ಟ್ ಪ್ಯಾಕನ್ನು ವೇರಿಯಂಟ್ ಮಾಡಿದಿರಿ ಅಂದುಕೊಳ್ಳಿ. ಆ 7 ಶರ್ಟ್ ಈಗ "ಪ್ಯಾಕ್ ಸಹಿತ" ಮತ್ತು "ಪ್ಯಾಕ್ ರಹಿತ" ಅಂತ ಎರಡು ಸಾಲಿಗೆ ಹಂಚಿಹೋಗುತ್ತವೆ. ಒಂದು ಸಾಲಿಗೆ 4, ಇನ್ನೊಂದಕ್ಕೆ 3 ಕೊಟ್ಟಿರಿ. ಮೂರು ಮಾರಾಟವಾದ ಕೂಡಲೇ ಆ ಸಾಲಿನಲ್ಲಿ ಸ್ಟಾಕ್ ಇಲ್ಲ ಅಂತ ಬರುತ್ತದೆ. ಕಪಾಟಿನಲ್ಲಿ ಮಾತ್ರ ಇನ್ನೂ ನಾಲ್ಕು ಶರ್ಟ್ ಕೂತಿರುತ್ತವೆ. ಎರಡೂ ಸಾಲಿಗೆ 7 ಅಂತ ಬರೆದರೆ ಇರುವುದಕ್ಕಿಂತ ಜಾಸ್ತಿ ಮಾರಿಬಿಡುತ್ತೀರಿ. ಎರಡೂ ತಪ್ಪೇ.

ನಾನು ಬಳಸುವ ಸಾಫ್ಟ್‌ವೇರ್‌ನಲ್ಲಿ ಇದನ್ನು ಎಲ್ಲಿ ಹುಡುಕಬೇಕು?

ಒಂದೊಂದರಲ್ಲಿ ಒಂದೊಂದು ಹೆಸರು. ಗೊಂದಲ ಹುಟ್ಟುವುದೇ ಇಲ್ಲಿ.

ವೂಕಾಮರ್ಸ್‌ನಲ್ಲಿ ಮೊದಲು ವಸ್ತುವಿನ ಬಗೆಯನ್ನು "ವೇರಿಯಬಲ್" ಅಂತ ಬದಲಿಸಬೇಕು. ಆಮೇಲೆ ಸೈಜ್, ಬಣ್ಣದಂಥ ಆಟ್ರಿಬ್ಯೂಟ್‌ಗಳನ್ನು ಸೇರಿಸಬೇಕು. ಪ್ರತಿ ಆಟ್ರಿಬ್ಯೂಟ್‌ನ ಪಕ್ಕ "ವೇರಿಯೇಷನ್‌ಗೆ ಬಳಸಿ" ಅನ್ನುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿ ಸೇವ್ ಮಾಡದಿದ್ದರೆ ಮುಂದೆ ವೇರಿಯೇಷನ್ ಮಾಡಲು ಬರುವುದಿಲ್ಲ. ಎಲ್ಲೋ ಕೆಟ್ಟಿದೆ ಅಂತ ತುಂಬ ಜನ ಗಂಟೆಗಟ್ಟಲೆ ಹುಡುಕುವುದು ಈ ಒಂದು ಟಿಕ್‌ಗಾಗಿ. ಇನ್ನೊಂದು ವಿಷಯ: ಬೆಲೆ ಹಾಕದ ವೇರಿಯೇಷನ್ ಗ್ರಾಹಕರಿಗೆ ಕೊಳ್ಳಲು ಸಿಗುವುದಿಲ್ಲ. ಹೆಸರು ಬರೆಸುವ ಜಾಗ, ಗಿಫ್ಟ್ ಪ್ಯಾಕ್ ಇವುಗಳಿಗೆ ಬೇರೆ ಪ್ಲಗಿನ್, ಅಂದರೆ ಹೆಚ್ಚಿನ ಸೌಲಭ್ಯ ಕೊಡುವ ಸಣ್ಣ ಸಾಫ್ಟ್‌ವೇರ್, ಹಾಕಿಕೊಳ್ಳಬೇಕು.

ಶಾಪಿಫೈನಲ್ಲಿ ಒಂದು ವಸ್ತುವಿಗೆ ಮೂರು ಆಪ್ಷನ್ ಕೊಡಬಹುದು. ಅವು ಕೂಡಿ ವೇರಿಯಂಟ್ ಆಗುತ್ತವೆ. ಗ್ರಾಹಕರು ಬರೆದುಕೊಡುವ ಹೆಸರಿನಂಥ ಮಾಹಿತಿ "ಲೈನ್ ಐಟಂ ಪ್ರಾಪರ್ಟಿ" ಆಗಿ ಆರ್ಡರ್ ಜೊತೆ ಹೋಗುತ್ತದೆ. ಅದಕ್ಕೆ ಥೀಮ್‌ನಲ್ಲಿ ಒಂದು ಜಾಗ ಸೇರಿಸಬೇಕು, ಇಲ್ಲವೇ ಆ್ಯಪ್ ಹಾಕಬೇಕು. ಈ ಪ್ರಾಪರ್ಟಿ ತಾನಾಗಿ ಬೆಲೆಯನ್ನು ಬದಲಿಸುವುದಿಲ್ಲ. ಇದು ನೆನಪಿರಲಿ.

ಮಜೆಂಟೊ, ಅಂದರೆ ಈಗಿನ ಅಡೋಬಿ ಕಾಮರ್ಸ್, ಈ ವ್ಯತ್ಯಾಸವನ್ನು ಚೆನ್ನಾಗಿ ಇಟ್ಟುಕೊಂಡಿದೆ. "ಕಾನ್ಫಿಗರಬಲ್" ವಸ್ತುವಿನ ಒಳಗೆ ಬಣ್ಣ, ಸೈಜಿನ ಪ್ರತಿ ಜೋಡಿಯೂ ತನ್ನದೇ ಎಸ್‌ಕೆಯು ಇರುವ ಪ್ರತ್ಯೇಕ ವಸ್ತು. "ಕಸ್ಟಮೈಸಬಲ್ ಆಪ್ಷನ್" ಅನ್ನುವುದು ಬೇರೆ. ಅದರಲ್ಲಿ ಪಠ್ಯ, ಫೈಲ್, ದಿನಾಂಕ, ಚೆಕ್‌ಬಾಕ್ಸ್ ಎಲ್ಲ ಸಿಗುತ್ತವೆ, ಸ್ಟಾಕ್ ಲೆಕ್ಕ ಮಾತ್ರ ಇರುವುದಿಲ್ಲ. ಪ್ರೆಸ್ಟಾಶಾಪ್‌ನಲ್ಲಿ ಮೊದಲನೆಯದಕ್ಕೆ "ಕಾಂಬಿನೇಷನ್" ಅಂತಲೂ ಎರಡನೆಯದಕ್ಕೆ "ಕಸ್ಟಮೈಸೇಷನ್" ಅಂತಲೂ ಹೆಸರು.

ಓಪನ್‌ಕಾರ್ಟ್ 3ರಲ್ಲಿ ಹುಷಾರು. ಅಲ್ಲಿ ಸ್ಟಾಕ್ ಎಣಿಕೆ ಪ್ರತಿ ಆಯ್ಕೆಗೆ ಬೇರೆ ಬೇರೆಯಾಗಿ ಇರುತ್ತದೆ, ಜೋಡಿಗೆ ಅಲ್ಲ. ಕೆಂಪು 5, ಮಧ್ಯಮ 5 ಅಂತ ಗೊತ್ತಿರುತ್ತದೆ. ಕೆಂಪು ಮಧ್ಯಮ ಎಷ್ಟು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಎಷ್ಟು ವೇರಿಯಂಟ್ ಇಡಬಹುದು?

ಗುಣಿಸಿ ನೋಡಿ. 5 ಸೈಜ್, 8 ಬಣ್ಣ ಅಂದರೆ 40. ಮೂರು ಬಗೆ ಬಟ್ಟೆ ಸೇರಿಸಿದರೆ 120. ಅರ್ಧ ತೋಳು, ಪೂರ್ಣ ತೋಳು ಅಂದರೆ 240. ಒಂದೊಂದು ಆಯ್ಕೆಯೂ ಕೂಡುವುದಿಲ್ಲ, ಗುಣಿಸುತ್ತದೆ. ಆ 240 ಸಾಲಿಗೂ ಯಾರೋ ಒಬ್ಬರು ಕೂತು ಬೆಲೆ, ಸ್ಟಾಕ್, ಫೋಟೊ ತುಂಬಬೇಕು.

ಸಾಫ್ಟ್‌ವೇರ್‌ಗೂ ಮಿತಿ ಇದೆ. ಶಾಪಿಫೈನಲ್ಲಿ ಬಹಳ ವರ್ಷ ಒಂದು ವಸ್ತುವಿಗೆ 100 ವೇರಿಯಂಟ್ ಮಾತ್ರ ಇತ್ತು. ಈಗ ಅದು 2,048ಕ್ಕೆ ಏರಿದೆ. ವೂಕಾಮರ್ಸ್‌ನಲ್ಲಿ 30 ವೇರಿಯೇಷನ್ ದಾಟಿದರೆ ಪುಟ ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಒಂದು ಬಣ್ಣ ಆರಿಸಿದರೆ, ಆ ಬಣ್ಣದಲ್ಲಿ ಇಲ್ಲದ ಸೈಜ್‌ಗಳು ಪಟ್ಟಿಯಿಂದ ತಾವೇ ಮರೆಯಾಗುತ್ತವೆ. 30 ದಾಟಿದ ಮೇಲೆ ಎಲ್ಲ ಸೈಜ್‌ಗಳೂ ಕಾಣುತ್ತವೆ. ಆರಿಸಿ ಮುಗಿದ ಮೇಲೆ "ಇದು ಸಿಗುವುದಿಲ್ಲ" ಅಂತ ಬರುತ್ತದೆ. ಈ 30ನ್ನು ಕೋಡ್‌ನ ಒಂದು ಸಾಲಿನಿಂದ ಏರಿಸಬಹುದು. ಆದರೆ ಪುಟದ ಭಾರ ಅಷ್ಟೇ ಏರುತ್ತದೆ.

ಬಟ್ಟೆಯ ಬಗೆ ಬದಲಾದರೆ ಅದನ್ನು ಬೇರೆ ವಸ್ತುವಾಗಿಯೇ ಇಡಿ ಅನ್ನುತ್ತೇನೆ. ಹತ್ತಿಯ ಶರ್ಟ್ ಹುಡುಕಿ ಬರುವವರು ಬೇರೆ, ಆಟಕ್ಕೆ ಹಾಕಿಕೊಳ್ಳುವ ಪಾಲಿಯೆಸ್ಟರ್ ಶರ್ಟ್ ಹುಡುಕುವವರು ಬೇರೆ. ವಿವರಣೆ, ಫೋಟೊ, ತೊಳೆಯುವ ಕ್ರಮ ಎಲ್ಲ ಬೇರೆ ಬೇರೆ. ಒಂದೇ ಪುಟದಲ್ಲಿ ತುರುಕಿದರೆ ಇಬ್ಬರಿಗೂ ಅರೆಬರೆ ಪುಟ ಸಿಗುತ್ತದೆ.

ಕೆಲವು ಜೋಡಿಗಳು ನಮ್ಮಲ್ಲಿ ಇಲ್ಲವೇ ಇಲ್ಲ. ಏನು ಮಾಡಬೇಕು?

ಎಂದೂ ತಯಾರಿಸದ ಜೋಡಿಯನ್ನು ಸೃಷ್ಟಿಸಲೇಬೇಡಿ. ಎಲ್ಲ ಜೋಡಿಗಳನ್ನೂ ಒಂದೇ ಸಲ ಹುಟ್ಟಿಸುವ ಬಟನ್ ಒತ್ತಿದ್ದರೆ ಬೇಡದ್ದನ್ನು ಅಳಿಸಿ. ಸದ್ಯಕ್ಕೆ ಖಾಲಿಯಾಗಿದೆ, ಮತ್ತೆ ಬರುತ್ತದೆ ಅನ್ನುವುದನ್ನು ಮಾತ್ರ ಮಸುಕಾಗಿ, ಅಡ್ಡಗೆರೆ ಹಾಕಿ ತೋರಿಸಿ. ಕಣ್ಣಿಗೆ ಬಿದ್ದರೆ ಗ್ರಾಹಕರು ಕಾಯಬಹುದು.

ಮೊದಲೇ ಒಂದು ಆಯ್ಕೆಯನ್ನು ಆರಿಸಿಟ್ಟಿರಬೇಕೇ?

ಬಣ್ಣಕ್ಕೆ ಸರಿ, ಸೈಜ್‌ಗೆ ಬೇಡ. ಬಣ್ಣ ಫೋಟೊದಲ್ಲಿ ಎದುರಿಗೇ ಕಾಣುತ್ತದೆ, ತಪ್ಪಿದ್ದರೆ ಗ್ರಾಹಕರಿಗೆ ತಿಳಿಯುತ್ತದೆ. ಸೈಜ್ ಕಾಣುವುದಿಲ್ಲ. ಮಧ್ಯಮ ಅಂತ ಮೊದಲೇ ಇಟ್ಟರೆ ಅವಸರದಲ್ಲಿರುವವರು ಅದನ್ನೇ ಕೊಂಡು ಹೋಗುತ್ತಾರೆ, ಆಮೇಲೆ ವಾಪಸ್ ಕಳಿಸುತ್ತಾರೆ. ಹಣ ಜಾಸ್ತಿಯಾಗುವ ಯಾವ ಆಡ್-ಆನ್‌ಗೂ ಮೊದಲೇ ಟಿಕ್ ಹಾಕಿಡಬೇಡಿ. ಕೇಳದೆ ಸೇರಿಸಿದ ಹಣ ಗ್ರಾಹಕರಿಗೆ ಮೋಸವಾಗಿಯೇ ಕಾಣುತ್ತದೆ. ಅದು ಮೋಸವೇ.

ಡ್ರಾಪ್‌ಡೌನ್ ಒಳ್ಳೆಯದೋ, ಬಟನ್ ಒಳ್ಳೆಯದೋ?

ಆಯ್ಕೆಗಳು ಕಡಿಮೆ ಇದ್ದರೆ ಬಟನ್. ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ. ಹತ್ತು ದಾಟಿದರೆ ಡ್ರಾಪ್‌ಡೌನ್. ಬಣ್ಣಕ್ಕೆ ಸಣ್ಣ ಬಣ್ಣದ ಚೌಕಗಳು ಚೆನ್ನ, ಆದರೆ ಪಕ್ಕದಲ್ಲಿ ಹೆಸರೂ ಇರಬೇಕು. ಕಡುನೀಲಿಗೂ ಕಪ್ಪಿಗೂ ಮೊಬೈಲ್ ಪರದೆಯಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಕೆಂಪು ಹಸಿರು ಬೇರ್ಪಡಿಸಿ ನೋಡಲು ಆಗದವರೂ ಇದ್ದಾರೆ. ಬಣ್ಣವೊಂದರಿಂದಲೇ ಮಾಹಿತಿ ಹೇಳಬಾರದು ಅಂತ ವೆಬ್ ಪುಟಗಳ ಸುಲಭ ಬಳಕೆಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯೂ ಹೇಳುತ್ತದೆ. ಅದರ 2023ರ ಆವೃತ್ತಿಯಲ್ಲಿ ಒತ್ತುವ ಜಾಗ ಕಡೇಪಕ್ಷ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು ಅಂತ ಇದೆ. ಹೆಬ್ಬೆರಳಿಗೆ ಅದೂ ಚಿಕ್ಕದೇ. ನಾನು 44 ಇಡುತ್ತೇನೆ.

ಹೆಸರು ಬರೆಯುವ ಜಾಗಕ್ಕೆ ಎಷ್ಟು ಅಕ್ಷರದ ಮಿತಿ ಇಡಬೇಕು?

ಕನ್ನಡದಲ್ಲಿ ಬರೆಸುವವರಿಗಾಗಿ ಇದಕ್ಕೆ ನಿಧಾನವಾಗಿ ಉತ್ತರಿಸಬೇಕು. ಕಂಪ್ಯೂಟರ್ ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲ. "ಕಮಲ" ನಮಗೆ ಮೂರು ಅಕ್ಷರ, ಕಂಪ್ಯೂಟರ್‌ಗೂ ಮೂರು. "ಲಕ್ಷ್ಮಿ" ನಮಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಮಾತ್ರ ಏಳು: ಲ, ಕ, ಷ, ಮ, ಎರಡು ಅರ್ಧಾಕ್ಷರ ಚಿಹ್ನೆ, ಒಂದು ಗುಡಿಸು. ಮಿತಿ 6 ಅಂತ ಇಟ್ಟರೆ ಕೊನೆಯ ಗುಡಿಸು ಬಿದ್ದುಹೋಗಿ "ಲಕ್ಷ್ಮ" ಅಂತ ಉಳಿಯುತ್ತದೆ. ಅದನ್ನೇ ಲೋಹದ ಮೇಲೆ ಕೆತ್ತಿದರೆ ಮತ್ತೆ ತಿದ್ದಲು ಬರುವುದಿಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಇಟ್ಟ ಮಿತಿಯನ್ನು ಕನ್ನಡಕ್ಕೆ ಹಾಗೇ ಬಳಸಬೇಡಿ. ನಾನು ಎಣಿಕೆಯ ಮಿತಿಯನ್ನು ಎರಡೂವರೆ ಮೂರು ಪಟ್ಟು ಸಡಿಲ ಮಾಡುತ್ತೇನೆ. ನಿಜವಾದ ಮಿತಿಯನ್ನು ಅಗಲದಿಂದ ಅಳೆಯುತ್ತೇನೆ. ಕೆತ್ತುವ ಜಾಗ 6 ಸೆಂಟಿಮೀಟರ್ ಅಂದರೆ, ಅದೇ ಫಾಂಟ್‌ನಲ್ಲಿ ಹೆಸರು ಅಷ್ಟರೊಳಗೆ ಕೂರುತ್ತದೆಯೇ ಅಂತ ಪುಟದಲ್ಲೇ ತೋರಿಸಬೇಕು. ಎತ್ತರವನ್ನೂ ಮರೆಯಬೇಡಿ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಎರಡು ಸಾಲು ಕೆತ್ತುವಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದನ್ನು ನೋಡಿದ್ದೇನೆ.

ಕೆತ್ತುವ ಅಥವಾ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ಯುನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆಯೇ ಅಂತಲೂ ಮೊದಲೇ ನೋಡಿ. ಕೆಲವು ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಪುಟದಲ್ಲಿ ಚೆನ್ನಾಗಿ ಕಂಡ ಹೆಸರು ಮೆಷಿನ್‌ನಲ್ಲಿ ಒಡೆದುಹೋಗುತ್ತದೆ. ಒತ್ತಕ್ಷರ ಇರುವ ಹತ್ತು ಹೆಸರುಗಳನ್ನು ಮೆಷಿನ್‌ವರೆಗೂ ಕಳಿಸಿ ನೋಡಿದ ಮೇಲೆಯೇ ಕನ್ನಡದ ಆಯ್ಕೆಯನ್ನು ತೆರೆಯಿರಿ.

ಎಮೋಜಿಯನ್ನು ತಡೆಯುವುದು ಒಳ್ಳೆಯದು. ಕೆತ್ತುವ ಫಾಂಟ್‌ನಲ್ಲಿ ಅದು ಇಲ್ಲದಿದ್ದರೆ ಖಾಲಿ ಚೌಕ ಬರುತ್ತದೆ. ಮೊಬೈಲ್ ಕೀಬೋರ್ಡ್ ತಾನಾಗಿ ಕಾಗುಣಿತ ತಿದ್ದುವುದನ್ನು ಈ ಜಾಗದಲ್ಲಿ ನಿಲ್ಲಿಸಿ. ಜನರ ಹೆಸರು ನಿಘಂಟಿನಲ್ಲಿ ಇರುವುದಿಲ್ಲ.

ಗ್ರಾಹಕರು ಫೋಟೊ ಕಳಿಸುವ ಹಾಗೆ ಮಾಡುವುದು ಹೇಗೆ?

ಅಪ್‌ಲೋಡ್ ಜಾಗ ಕೊಡುವ ಪ್ಲಗಿನ್ ಅಥವಾ ಆ್ಯಪ್ ಸಾಕಷ್ಟಿವೆ. ಕಷ್ಟ ಇರುವುದು ಫೋಟೊದ ಗುಣಮಟ್ಟದಲ್ಲಿ. ಒಳ್ಳೆಯ ಪ್ರಿಂಟ್‌ಗೆ ಸಾಮಾನ್ಯವಾಗಿ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. 10 ಇಂಚು ಅಗಲದ ಪ್ರಿಂಟ್ ಅಂದರೆ 3000 ಪಿಕ್ಸೆಲ್. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ. ಗ್ರಾಹಕರು ಅದನ್ನೇ ನಿಮಗೆ ಕಳಿಸುತ್ತಾರೆ, ಏಕೆಂದರೆ ಮೊಬೈಲ್‌ನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಕಡಿಮೆ ಪಿಕ್ಸೆಲ್ ಇದ್ದರೆ ಅಪ್‌ಲೋಡ್ ಆದ ಕ್ಷಣವೇ ಹೇಳಿ: "ಈ ಫೋಟೊ ಪ್ರಿಂಟ್‌ನಲ್ಲಿ ಮಸುಕಾಗುತ್ತದೆ, ಮೂಲ ಫೋಟೊ ಇದ್ದರೆ ಹಾಕಿ." ಹಣ ಕಟ್ಟಿದ ಮೇಲೆ ಫೋನ್ ಮಾಡಿ ಹೇಳುವುದು ಇಬ್ಬರಿಗೂ ಬೇಸರ.

ಐಫೋನ್‌ನಿಂದ ಎಚ್‌ಇಐಸಿ ಅನ್ನುವ ಬಗೆಯ ಫೋಟೊ ಫೈಲ್ ಬರಬಹುದು. ಅದನ್ನು ತೆಗೆದುಕೊಳ್ಳಿ, ಇಲ್ಲವೇ ಜೆಪೆಗ್ ಮಾಡಿ ಕಳಿಸಲು ಹೇಳಿ. ಎಲ್ಲ ಬಗೆಯ ಫೈಲ್‌ಗೂ ಬಾಗಿಲು ತೆರೆಯಬೇಡಿ. ಎಸ್‌ವಿಜಿ ನೋಡಲು ಚಿತ್ರವೇ, ಆದರೆ ಅದರೊಳಗೆ ಸ್ಕ್ರಿಪ್ಟ್, ಅಂದರೆ ತಾನೇ ಓಡುವ ಕೋಡ್, ಅಡಗಿಸಬಹುದು. ಬೇಕಾದ ಎರಡು ಮೂರು ಬಗೆಗೆ ಮಾತ್ರ ಅನುಮತಿ ಕೊಡಿ, ಗಾತ್ರಕ್ಕೂ ಮಿತಿ ಇಡಿ. ಇವು ಮನೆಯವರ, ಮಕ್ಕಳ ಫೋಟೊಗಳು. ಲಿಂಕ್ ಊಹಿಸಿ ಯಾರು ಬೇಕಾದರೂ ತೆರೆಯುವ ಫೋಲ್ಡರ್‌ನಲ್ಲಿ ಇಡಬೇಡಿ. ಕೆಲಸ ಮುಗಿದ ಮೇಲೆ ಇಂತಿಷ್ಟು ದಿನಕ್ಕೆ ಅಳಿಸುತ್ತೇವೆ ಅಂತ ಬರೆಯಿರಿ, ಬರೆದಂತೆ ಅಳಿಸಿ.

ಹೆಚ್ಚುವರಿ ಬೆಲೆಯನ್ನು ಶೇಕಡಾದಲ್ಲಿ ಇಡಲೇ, ನಿಗದಿತ ಮೊತ್ತವಾಗಿ ಇಡಲೇ?

ಕೆಲಸಕ್ಕೆ ನಿಗದಿತ ಮೊತ್ತ. ವಸ್ತುವಿನ ಬೆಲೆ 1000 ಇದ್ದಾಗ ಶೇಕಡಾ 10ರಂತೆ ಕೆತ್ತನೆಗೆ 100 ಸಿಗುತ್ತದೆ. ರಿಯಾಯಿತಿ ಕೊಟ್ಟು ಬೆಲೆ 800ಕ್ಕೆ ಇಳಿಸಿದ ದಿನ 80 ಸಿಗುತ್ತದೆ. ಕೆತ್ತುವವರ ಶ್ರಮ ಮಾತ್ರ ಅಷ್ಟೇ ಇರುತ್ತದೆ. ವಿಮೆಯಂಥ, ಬೆಲೆಯ ಜೊತೆಗೇ ಏರಿಳಿಯುವ ವಿಷಯಕ್ಕೆ ಮಾತ್ರ ಶೇಕಡಾ ಸರಿ.

ಇನ್ನೊಂದು ಕಡೆ ಎಡವುವುದು ಎಣಿಕೆಯಲ್ಲಿ. ಒಬ್ಬರು ಒಂದೇ ಹೆಸರಿನ 10 ಮಗ್ ಕೊಂಡರೆ ಡಿಸೈನ್ ಶುಲ್ಕ ಒಂದು ಸಲವೋ, ಹತ್ತು ಸಲವೋ? ಡಿಸೈನ್ ಒಂದೇ ಸಲ ಮಾಡುವುದು, ಪ್ರಿಂಟ್ ಹತ್ತು ಸಲ. ಅದಕ್ಕೆ ತಕ್ಕಂತೆ ಎರಡನ್ನೂ ಬೇರೆ ಮಾಡಿ. ವೂಕಾಮರ್ಸ್‌ನ ಪ್ರಾಡಕ್ಟ್ ಆಡ್-ಆನ್ಸ್‌ನಲ್ಲಿ ಇವಕ್ಕೆ ಬೇರೆ ಬೇರೆ ಸೆಟ್ಟಿಂಗ್ ಇದೆ.

ಆಯ್ಕೆ ಬದಲಾದ ಹಾಗೆ ಒಟ್ಟು ಬೆಲೆ ಅಲ್ಲೇ ಬದಲಾಗಿ ಕಾಣಬೇಕು. ಕಾರ್ಟ್‌ಗೆ ಹೋದ ಮೇಲೆ ಬೆಲೆ ಏರಿದ್ದು ಕಂಡರೆ ಜನ ವಾಪಸ್ ಹೋಗುತ್ತಾರೆ. ನಿಮ್ಮದೇ ಕೋಡ್ ಬರೆಸುತ್ತಿದ್ದರೆ ಒಂದು ಎಚ್ಚರಿಕೆ: ಪುಟದಲ್ಲಿ ಕಾಣುವ ಬೆಲೆ ತೋರಿಸಲಿಕ್ಕೆ ಮಾತ್ರ. ನಿಜವಾದ ಲೆಕ್ಕ ಸರ್ವರ್‌ನಲ್ಲೇ ಆಗಬೇಕು. ಬ್ರೌಸರ್‌ನಿಂದ ಬರುವ ಅಂಕಿಯನ್ನು ಯಾರು ಬೇಕಾದರೂ ಬದಲಿಸಬಹುದು.

ಒಂದು ಆಯ್ಕೆ ಮಾಡಿದರೆ ಮಾತ್ರ ಇನ್ನೊಂದು ಕಾಣುವ ಹಾಗೆ ಮಾಡಬಹುದೇ?

ಮಾಡಬಹುದು, ಮಾಡಲೂಬೇಕು. ಕೆತ್ತನೆ ಬೇಡ ಅಂದವರಿಗೆ ಫಾಂಟ್ ಆರಿಸಿ ಅಂತ ಯಾಕೆ ಕೇಳಬೇಕು? ಆದರೆ ಒಂದು ಪರೀಕ್ಷೆ ಮಾಡಿ. "ಕೆತ್ತನೆ ಬೇಕು" ಅಂತ ಒತ್ತಿ, ಹೆಸರು ಬರೆದು, ಮನಸ್ಸು ಬದಲಿಸಿ "ಬೇಡ" ಅಂತ ಒತ್ತಿ. ಮರೆಯಾದ ಜಾಗದಲ್ಲಿದ್ದ ಹೆಸರು, ಅದರ ಬೆಲೆ ಎರಡೂ ಆರ್ಡರ್‌ನಿಂದ ಹೋಗಿವೆಯೇ? ಮರೆಯಾದ ಜಾಗವನ್ನು ತುಂಬಲೇಬೇಕು ಅಂತ ಹಟ ಹಿಡಿದು ಚೆಕ್‌ಔಟ್ ನಿಂತುಹೋಗಿಲ್ಲವೇ? ಈ ಎರಡು ತಪ್ಪು ಸಾಮಾನ್ಯ.

ಗ್ರಾಹಕರು ಆರಿಸಿದ್ದು ನಮಗೆ ತಲುಪಿತು ಅಂತ ಹೇಗೆ ಖಚಿತಪಡಿಸಿಕೊಳ್ಳುವುದು?

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೆಸರು ಬರೆಸುವ ಮಗ್ ಮಾರುವ ಒಂದು ಅಂಗಡಿಗೆ ನಾನು ಎಲ್ಲವನ್ನೂ ಜೋಡಿಸಿಕೊಟ್ಟಿದ್ದೆ. ಪುಟ ಚೆನ್ನಾಗಿತ್ತು. ಕಾರ್ಟ್‌ನಲ್ಲಿ ಹೆಸರು ಕಾಣುತ್ತಿತ್ತು. ಆರ್ಡರ್ ತೆರೆದರೆ ಅಲ್ಲೂ ಇತ್ತು. ಮೊದಲ ವಾರ ಆರು ಮಗ್ ಹೆಸರಿಲ್ಲದೆ ಹೋದವು. ಪ್ಯಾಕ್ ಮಾಡುವವರು ಆರ್ಡರ್ ತೆರೆದು ನೋಡುತ್ತಿರಲಿಲ್ಲ. ಅವರ ಕೈಗೆ ಬರುತ್ತಿದ್ದದ್ದು ಪ್ರಿಂಟ್ ಆದ ಪ್ಯಾಕಿಂಗ್ ಸ್ಲಿಪ್. ಆ ಸ್ಲಿಪ್‌ನ ಟೆಂಪ್ಲೇಟ್‌ನಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ. ಅವರ ತಪ್ಪು ಏನೂ ಇರಲಿಲ್ಲ. ನಾನು ಕಾರ್ಟ್‌ವರೆಗೆ ನೋಡಿ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದು ಮಗ್ ಹುಟ್ಟುಹಬ್ಬಕ್ಕೆ ತರಿಸಿದ್ದು. ಮತ್ತೆ ಮಾಡಿ ಕಳಿಸುವ ಹೊತ್ತಿಗೆ ಆ ದಿನ ಕಳೆದುಹೋಗಿತ್ತು. ಅದು ನನಗೆ ಇನ್ನೂ ನೋವು.

ಅಂದಿನಿಂದ ಆಯ್ಕೆ ಹೋಗುವ ದಾರಿಯನ್ನು ಪೂರ್ತಿ ನಡೆದು ನೋಡುತ್ತೇನೆ. ಪುಟ, ಕಾರ್ಟ್, ಚೆಕ್‌ಔಟ್, ಗ್ರಾಹಕರಿಗೆ ಹೋಗುವ ಇಮೇಲ್, ಅಂಗಡಿಗೆ ಬರುವ ಇಮೇಲ್, ಪ್ಯಾಕಿಂಗ್ ಸ್ಲಿಪ್, ತಯಾರಿಸುವವರ ಪಟ್ಟಿ. ಪ್ರತಿ ಕಡೆಯೂ ಹೆಸರು ಇದೆಯೇ, ಪೂರ್ತಿ ಇದೆಯೇ, ಕನ್ನಡದಲ್ಲಿ ಸರಿಯಾಗಿ ಕಾಣುತ್ತದೆಯೇ? ಶಾಪಿಫೈನಲ್ಲಿ ಪ್ರಾಪರ್ಟಿಯ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಚೆಕ್‌ಔಟ್‌ನಲ್ಲಿ ಅದು ಗ್ರಾಹಕರಿಗೆ ಕಾಣುವುದಿಲ್ಲ. ಒಳಗಿನ ಲೆಕ್ಕಕ್ಕೆ ಅದು ಅನುಕೂಲ, ಗ್ರಾಹಕರು ಬರೆದ ಹೆಸರಿಗೆ ಅಲ್ಲ.

ಎರಡು ಮಗ್, ಎರಡು ಬೇರೆ ಹೆಸರು ಹಾಕಿಯೂ ನೋಡಿ. ಕಾರ್ಟ್‌ನಲ್ಲಿ ಅವು ಎರಡು ಸಾಲಾಗಿ ನಿಲ್ಲಬೇಕು. ಒಂದೇ ಸಾಲಿಗೆ ಸೇರಿ "2 ಮಗ್" ಅಂತ ಬಂದರೆ ಒಂದು ಹೆಸರು ಕಳೆದುಹೋಯಿತು ಅಂತಲೇ ಅರ್ಥ.

ನೂರಾರು ವೇರಿಯಂಟ್‌ಗಳನ್ನು ಎಕ್ಸೆಲ್‌ನಲ್ಲಿ ತುಂಬಿ ಏರಿಸಬಹುದೇ?

ಸಿಎಸ್‌ವಿ ಅನ್ನುವ ಸಾದಾ ಪಠ್ಯದ ಪಟ್ಟಿ ಫೈಲ್ ಮೂಲಕ ಏರಿಸಬಹುದು, ಸಮಯವೂ ಉಳಿಯುತ್ತದೆ. ಆದರೆ ಎಕ್ಸೆಲ್ ತನಗೆ ತೋಚಿದ ಹಾಗೆ ಬದಲಿಸುತ್ತದೆ. ಮಕ್ಕಳ ಬಟ್ಟೆಯ ಸೈಜ್ "2-3" ಅಂತ ಬರೆದರೆ ಅದನ್ನು ದಿನಾಂಕ ಮಾಡಿಬಿಡುತ್ತದೆ. ಸೊನ್ನೆಯಿಂದ ಶುರುವಾಗುವ ಕೋಡ್‌ನ ಸೊನ್ನೆ ಹೋಗುತ್ತದೆ. 13 ಅಂಕಿಯ ಬಾರ್‌ಕೋಡ್ ದಶಾಂಶ ಚುಕ್ಕಿ ಇರುವ ಚಿಕ್ಕ ರೂಪಕ್ಕೆ ತಿರುಗುತ್ತದೆ. ತುಂಬುವ ಮೊದಲೇ ಆ ಕಾಲಂಗಳನ್ನು "ಟೆಕ್ಸ್ಟ್" ಅಂತ ಬದಲಿಸಿ. ಸೇವ್ ಮಾಡುವಾಗ "ಸಿಎಸ್‌ವಿ ಯುಟಿಎಫ್-8" ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮೊದಲು ಮೂರೇ ಸಾಲು ಏರಿಸಿ ನೋಡಿ.

ಗೂಗಲ್‌ನಲ್ಲಿ ಪ್ರತಿ ಬಣ್ಣವೂ ಬೇರೆ ಬೇರೆ ಕಾಣಬೇಕೇ?

ಗೂಗಲ್ ಮರ್ಚೆಂಟ್ ಪಟ್ಟಿಗೆ ಕಳಿಸುವಾಗ ಪ್ರತಿ ವೇರಿಯಂಟ್‌ಗೂ ತನ್ನದೇ ಐಡಿ ಇರಬೇಕು, ಎಲ್ಲವಕ್ಕೂ ಒಂದೇ ಗುಂಪಿನ ಐಡಿ ಇರಬೇಕು. ಆಗ ಅವು ಒಂದೇ ವಸ್ತುವಿನ ರೂಪಗಳು ಅಂತ ಅದಕ್ಕೆ ತಿಳಿಯುತ್ತದೆ. 2024ರಿಂದ ಗೂಗಲ್ ಓದಲೆಂದು ಪುಟದ ಒಳಗೆ ಬರೆದಿಡುವ ಸ್ಟ್ರಕ್ಚರ್ಡ್ ಡೇಟಾದಲ್ಲೂ "ಪ್ರಾಡಕ್ಟ್ ಗ್ರೂಪ್" ಅಂತ ಹೇಳಬಹುದು. ಕೆತ್ತನೆ, ಗಿಫ್ಟ್ ಪ್ಯಾಕ್ ಇವನ್ನು ಅಲ್ಲಿಗೆ ಕಳಿಸಬೇಡಿ. ಅವು ವೇರಿಯಂಟ್ ಅಲ್ಲ.

ಹೆಸರು ಕೆತ್ತಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲೇಬೇಕೇ?

ಅದು ನೀವು ಮಾರುವ ದೇಶದ ಕಾನೂನಿಗೆ ಬಿಟ್ಟದ್ದು. ಉದಾಹರಣೆಗೆ, ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿಯಮದಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕಿದೆ. ಗ್ರಾಹಕರು ಹೇಳಿದಂತೆ ಮಾಡಿದ ವಸ್ತುವಿಗೆ ಅದರಲ್ಲಿ ವಿನಾಯಿತಿ ಇದೆ. ಕಾನೂನು ಒಪ್ಪಿದರೆ, "ಹೆಸರು ಕೆತ್ತಿದ ವಸ್ತು ವಾಪಸ್ ಇಲ್ಲ" ಅನ್ನುವುದನ್ನು ಹೆಸರು ಬರೆಯುವ ಜಾಗದ ಪಕ್ಕದಲ್ಲೇ ಬರೆಯಿರಿ, ಪುಟದ ಬುಡದಲ್ಲಿ ಅಲ್ಲ. ನೀವು ತಪ್ಪು ಕೆತ್ತಿದ್ದರೆ, ವಸ್ತು ಒಡೆದು ತಲುಪಿದ್ದರೆ ಈ ಮಾತು ನಡೆಯುವುದಿಲ್ಲ. ಸುಮ್ನೆ ಸಿದ್ಧ ಬಣ್ಣಗಳ ಪಟ್ಟಿಯಿಂದ ಒಂದನ್ನು ಆರಿಸಿದ್ದಕ್ಕೆ "ನಿಮಗಾಗಿಯೇ ಮಾಡಿದ್ದು" ಅಂತ ವಾಪಸ್ ನಿರಾಕರಿಸುವುದೂ ಸರಿಯಲ್ಲ.

ಮಾರಾಟ ಶುರುವಾದ ಮೇಲೆ ಆಯ್ಕೆಯ ಹೆಸರು ಬದಲಿಸಬಹುದೇ?

ಸಣ್ಣ ಕಾಗುಣಿತ ತಿದ್ದಬಹುದು. "ನೀಲಿ" ಅಂತ ಇದ್ದದ್ದನ್ನು "ಹಸಿರು" ಮಾಡಿ ಅದೇ ಸಾಲನ್ನು ಮತ್ತೆ ಬಳಸುವುದು ಬೇಡ. ಹಳೆಯ ವರದಿಗಳು, ಸ್ಟಾಕ್ ಲೆಕ್ಕ, ಆ ಬಣ್ಣಕ್ಕೆ ಹೊರಗಿನಿಂದ ಕೊಟ್ಟ ಲಿಂಕ್ ಎಲ್ಲ ಕಲಸಿಹೋಗುತ್ತವೆ. ಹೊಸ ಬಣ್ಣಕ್ಕೆ ಹೊಸ ಸಾಲು, ಹೊಸ ಎಸ್‌ಕೆಯು ಮಾಡಿ. ಹಳೆಯದನ್ನು ಕೂಡಲೇ ಅಳಿಸದೆ ಮಾರಾಟದಿಂದ ಮಾತ್ರ ತೆಗೆಯಿರಿ. ಆ ನೀಲಿ ಶರ್ಟಿನ ಕೊನೆಯ ಆರ್ಡರ್ ತಲುಪಿ, ವಾಪಸ್ ಕಳಿಸುವ ಅವಧಿಯೂ ಮುಗಿದ ಮೇಲೆ ಅಳಿಸಿದರೆ ಸಾಕು.